ಟೈಟನ್‌ನ ಚಿತ್ರಗಳಲ್ಲಿ ಸರೋವರ ಯಾವುದು, ಮೋಡ ಯಾವುದು ಎಂದು ತೀರ್ಮಾನಿಸುವುದು ಹೇಗೆ?

ಹಾಸನದ ಉಪನ್ಯಾಸಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ನಮ್ಮ ವಿಜ್ಞಾನ ಸಂಘದ ಮಕ್ಕಳು ಈ ಸಲದ ಭಿತ್ತಿಪತ್ರಕ್ಕೆ ಶನಿಯ ಉಪಗ್ರಹ ಟೈಟನ್ ಅನ್ನು ಆರಿಸಿಕೊಂಡಿದ್ದಾರೆ. ಕ್ಯಾಸಿನಿ ನೌಕೆ ಕಳುಹಿಸಿದ ನಾಲ್ಕು ಚಿತ್ರಗಳನ್ನು ಅವರೇ ಹುಡುಕಿ ತಂದು ಮುದ್ರಿಸಿಕೊಂಡಿದ್ದಾರೆ. ತೊಂದರೆ ಅಲ್ಲಿಂದಲೇ ಆರಂಭವಾಯಿತು.

ಮೊದಲನೆಯದರಲ್ಲಿ ಕಿತ್ತಳೆ ಬಣ್ಣದ ನುಣುಪಾದ ಚೆಂಡು ಬಿಟ್ಟರೆ ಏನೂ ಇಲ್ಲ. ಎರಡನೆಯದು ಕಪ್ಪುಬಿಳುಪು. ಉತ್ತರ ಧ್ರುವದ ಸುತ್ತ ಕಪ್ಪು ಮಚ್ಚೆಗಳು, ಅವುಗಳ ನಡುವೆ ಹಾದುಹೋಗುವ ಬಿಳಿಯ ಗೆರೆಗಳು. ಮೂರನೆಯದರಲ್ಲಿ ಹಳದಿ ನೆಲ, ಕಡುನೀಲಿ ಸರೋವರಗಳು, ದಂಡೆಯ ಒಂದೊಂದು ಕೊರಕಲೂ ಸ್ಪಷ್ಟ, ಮೋಡದ ಸುಳಿವೇ ಇಲ್ಲ. ನಾಲ್ಕನೆಯದು ಬಣ್ಣದ್ದು. ಅದರಲ್ಲಿ ಕಡಲಿನ ಒಂದು ತುದಿ ಬಿಸಿಲಿಗೆ ಫಳಫಳ ಹೊಳೆಯುತ್ತಿದೆ. ಅದು 2014ರ ಆಗಸ್ಟ್ 21ರದ್ದು ಎಂದು ಬರೆದಿತ್ತು.

"ಮೇಡಂ, ಈ ನಾಲ್ಕೂ ಒಂದೇ ಉಪಗ್ರಹವೇ?" ಎಂದು ಒಬ್ಬಳು ಕೇಳಿದಳು. ಅದಕ್ಕೆ ಹೇಗೋ ಉತ್ತರಿಸಿದೆ. ಇನ್ನೊಬ್ಬ ಹುಡುಗ ಕೇಳಿದ್ದು ಹೆಚ್ಚು ಕಠಿಣವಾಗಿತ್ತು: "ಕಪ್ಪಾಗಿದ್ದರೆ ಅದು ಸರೋವರವೇ ಎಂದು ಹೇಗೆ ಗೊತ್ತಾಗುತ್ತದೆ? ಮೋಡದ ನೆರಳೂ ಆಗಿರಬಹುದಲ್ಲವೇ? ಬೆಳ್ಳಗಿರುವುದೆಲ್ಲ ಮೋಡವೇ?"

ಮೀಥೇನ್, ಈಥೇನ್, ಮೈನಸ್ 179 ಡಿಗ್ರಿ ಸೆಲ್ಸಿಯಸ್, ನೈಟ್ರೋಜನ್ ತುಂಬಿದ ವಾತಾವರಣ, ಇವೆಲ್ಲ ಪುಸ್ತಕದಲ್ಲಿ ಸಿಗುತ್ತವೆ. ನನಗೆ ಬೇಕಾಗಿರುವುದು ಬೇರೆ. ಚಿತ್ರವನ್ನು ಎದುರಿಗಿಟ್ಟುಕೊಂಡವರು ಇದು ದ್ರವ, ಇದು ಮೋಡ ಎಂಬ ತೀರ್ಮಾನಕ್ಕೆ ಯಾವ ದಾರಿಯಿಂದ ಬರುತ್ತಾರೆ? ಇಂಥ ಚಿತ್ರಗಳ ಮೇಲೆ ಸ್ವತಃ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಹದಿನೇಳು ವರ್ಷದ ಮಕ್ಕಳಿಗೆ ಅರ್ಥವಾಗುವಂತಿದ್ದರೆ ಸಾಕು.


ಹಳೆಯ ವೀಕ್ಷಕ

ಮೇಡಂ, ಮೊದಲ ಮಾತು: ನಾಲ್ಕು ಚಿತ್ರಗಳನ್ನೂ ಒಂದೇ ಸಾಲಿನಲ್ಲಿ ಅಂಟಿಸಬೇಡಿ. ಅವು ಒಂದೇ ಉಪಗ್ರಹದವೇ, ಆದರೆ ಬೇರೆ ಬೇರೆ ಉಪಕರಣಗಳು ತೆಗೆದವು. ಒಂದರ ಕಪ್ಪಿಗೂ ಇನ್ನೊಂದರ ಕಪ್ಪಿಗೂ ಕಾರಣ ಬೇರೆ. ಪ್ರತಿಯೊಂದರ ಕೆಳಗೆ ಯಾವ ಉಪಕರಣ, ಯಾವ ತರಂಗಾಂತರ, ಯಾವ ದಿನಾಂಕ ಎಂದು ಬರೆಸಿ. ಈ ಮೂರು ಇಲ್ಲದ ಟೈಟನ್ ಚಿತ್ರವನ್ನು ನಾನು ಓದಲು ಹೋಗುವುದೇ ಇಲ್ಲ.

ನಿವೃತ್ತನಾಗುವವರೆಗೂ ನಾನು ಕರಾವಳಿಯ ಹವಾಮಾನ ವೀಕ್ಷಣಾಲಯವೊಂದರಲ್ಲಿ ವೀಕ್ಷಕನಾಗಿದ್ದೆ. ಬೆಳಿಗ್ಗೆ ಎಂಟೂವರೆಗೆ ಅಂಗಳದಲ್ಲಿ ನಿಂತು ಆಕಾಶವನ್ನು ಮನಸ್ಸಿನಲ್ಲೇ ಎಂಟು ಪಾಲು ಮಾಡಿ, ಎಷ್ಟು ಪಾಲಿಗೆ ಮೋಡ ಕವಿದಿದೆ, ಯಾವ ಜಾತಿಯದು, ಬುಡ ಎಷ್ಟು ಎತ್ತರದಲ್ಲಿದೆ ಎಂದು ದಾಖಲೆ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಆ ಅಭ್ಯಾಸವನ್ನೇ ಈಗ ಟೈಟನ್‌ನ ಮೇಲೆ ಮುಂದುವರಿಸಿದ್ದೇನೆ. ಭೂಮಿಯನ್ನು ಬಿಟ್ಟರೆ ನೆಲದ ಮೇಲೆ ದ್ರವ ನಿಂತಿರುವ, ಆ ದ್ರವವೇ ಆವಿಯಾಗಿ ಮೋಡವಾಗಿ ಮಳೆಯಾಗಿ ಮರಳುವ ಜಾಗ ನಮಗೆ ಗೊತ್ತಿರುವುದು ಅದೊಂದೇ. ಜೀವಮಾನವಿಡೀ ಮೋಡ ನೋಡಿದವನಿಗೆ ಅದನ್ನು ಬಿಟ್ಟಿರಲು ಆಗುವುದಿಲ್ಲ.

ನಿಮ್ಮ ಮೊದಲ ಚಿತ್ರ, ಆ ಕಿತ್ತಳೆ ಚೆಂಡು, ಕಣ್ಣಿಗೆ ಕಾಣುವ ಬೆಳಕಿನದು. 1980ರ ನವೆಂಬರ್‌ನಲ್ಲಿ ವಾಯೇಜರ್ 1 ಟೈಟನ್‌ನ ಹತ್ತಿರ ಹಾದುಹೋದಾಗ ಕಂಡದ್ದೂ ಇದೇ. ಮೇಲಿನ ವಾತಾವರಣದಲ್ಲಿ ಮೀಥೇನ್ ಸೂರ್ಯನ ಬೆಳಕಿಗೆ ಒಡೆದು ದೊಡ್ಡ ದೊಡ್ಡ ಇಂಗಾಲದ ಅಣುಗಳಾಗುತ್ತದೆ. ಅವು ಗುಂಪುಗೂಡಿ ಹೊಗೆಯಂಥ ಮಬ್ಬಾಗುತ್ತವೆ. ಮಬ್ಬಿನ ಕಣಗಳು ಸಣ್ಣವು. ಗಿಡ್ಡ ತರಂಗಾಂತರದ ಬೆಳಕನ್ನು ಹೆಚ್ಚು ಚದುರಿಸುತ್ತವೆ, ಉದ್ದನೆಯದನ್ನು ಕಡಿಮೆ. ಆದ್ದರಿಂದ ನೆಲ ಕಾಣಬೇಕಾದರೆ ಕೆಂಪಿನಾಚೆಗೆ, ಅವಕೆಂಪು ಬೆಳಕಿಗೆ ಹೋಗಬೇಕು. ಅಲ್ಲಿಯೂ ಎಲ್ಲ ಕಡೆ ದಾರಿ ತೆರೆದಿಲ್ಲ. ಮೀಥೇನ್ ತನ್ನ ಪಾಲಿನ ತರಂಗಾಂತರಗಳನ್ನು ಹೀರಿಕೊಂಡುಬಿಡುತ್ತದೆ. ನಡುನಡುವೆ ಕೆಲವು ಕಿಟಕಿಗಳು ಮಾತ್ರ ಉಳಿಯುತ್ತವೆ: 0.94, 1.08, 1.28, 1.6, 2 ಮೈಕ್ರಾನ್, ಮತ್ತೆ 5 ಮೈಕ್ರಾನ್ ಸುತ್ತ.

ಎರಡನೆಯ ಚಿತ್ರ ಕ್ಯಾಸಿನಿಯ ಸಾಮಾನ್ಯ ಕ್ಯಾಮೆರಾದ್ದು. ಆ ಕ್ಯಾಮೆರಾಕ್ಕೆ ಸಿಕ್ಕ ಕಿಟಕಿ 938 ನ್ಯಾನೊಮೀಟರ್‌ನದು, ಅಂದರೆ ಮೇಲೆ ಹೇಳಿದ 0.94 ಮೈಕ್ರಾನ್. ಇದರಲ್ಲಿ ದ್ರವ ಕಪ್ಪು, ಮೋಡ ಬಿಳಿ, ಉಳಿದ ನೆಲ ಬೂದು. ಹಾಗೆಂದು ಕಪ್ಪಾಗಿರುವುದೆಲ್ಲ ದ್ರವ ಎಂದು ಮಕ್ಕಳಿಗೆ ಹೇಳಬೇಡಿ. ಟೈಟನ್‌ನ ಸಮಭಾಜಕದ ಸುತ್ತ ಶಾಂಗ್ರಿಲಾ, ಬೆಲೆಟ್ ಎಂಬ ವಿಶಾಲವಾದ ಕಪ್ಪು ಪ್ರದೇಶಗಳಿವೆ. ಕ್ಯಾಸಿನಿ ಹೋಗುವ ಮೊದಲು ಅವು ಹೈಡ್ರೊಕಾರ್ಬನ್ ಕಡಲುಗಳಿರಬಹುದು ಎಂಬ ನಿರೀಕ್ಷೆ ಇತ್ತು. ರೇಡಾರ್ ಹತ್ತಿರದಿಂದ ನೋಡಿದಾಗ ಅಲ್ಲಿದ್ದದ್ದು ಸಾಲುಸಾಲು ಮರಳದಿಬ್ಬಗಳು, ನೂರಾರು ಕಿಲೋಮೀಟರ್ ಉದ್ದದವು. ಹನಿ ದ್ರವವೂ ಇರಲಿಲ್ಲ. ಕಪ್ಪು ಬಣ್ಣವೊಂದನ್ನೇ ನಂಬಿದ್ದರೆ ಇಂದಿಗೂ ನಾವು ಅವನ್ನು ಕಡಲು ಎಂದೇ ಕರೆಯುತ್ತಿದ್ದೆವು.

ಆ ಹುಡುಗನ ನೆರಳಿನ ಪ್ರಶ್ನೆಗೆ ನಿಮ್ಮ ಮೂರನೆಯ ಚಿತ್ರದಲ್ಲಿಯೇ ಉತ್ತರವಿದೆ. ಅದು ರೇಡಾರ್ ನಕ್ಷೆ. ಹಳದಿ, ನೀಲಿ ಎರಡೂ ಆಮೇಲೆ ಹಚ್ಚಿದ ಬಣ್ಣಗಳು. ರೇಡಾರ್ ಸೂರ್ಯನನ್ನು ಕಾಯುವುದಿಲ್ಲ. 2.2 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆಯನ್ನು ತಾನೇ ಕಳುಹಿಸಿ, ಮರಳಿ ಬಂದದ್ದನ್ನು ತಾನೇ ಆಲಿಸುತ್ತದೆ. ಆ ಅಲೆಗೆ ಮಬ್ಬೂ ಮೋಡವೂ ಅಡ್ಡವಲ್ಲ. ಆದ್ದರಿಂದ ರೇಡಾರ್ ಚಿತ್ರದಲ್ಲಿ ಮೋಡವೂ ಇರುವುದಿಲ್ಲ, ಮೋಡದ ನೆರಳೂ ಇರುವುದಿಲ್ಲ. ಅದರಲ್ಲಿ ಕಪ್ಪೆಂದರೆ ಮೇಲ್ಮೈ ಬಹಳ ನುಣುಪಾಗಿದೆ ಎಂದರ್ಥ. ಮಳೆಗಾಲದ ರಾತ್ರಿ ವಾಹನ ನಡೆಸುವಾಗ ನೀರು ನಿಂತ ರಸ್ತೆ ದೀಪದ ಬೆಳಕಿಗೆ ಕಪ್ಪಾಗಿ ಕಾಣುತ್ತದೆಯಲ್ಲ, ಹಾಗೆ. ಬೆಳಕು ಮುಂದಕ್ಕೆ ಚಿಮ್ಮಿ ಹೋಗುತ್ತದೆ, ನಮ್ಮ ಕಣ್ಣಿಗೆ ಮರಳುವುದಿಲ್ಲ. ಒಂದೇ ಜಾಗ 938 ನ್ಯಾನೊಮೀಟರ್‌ನಲ್ಲೂ ಕಪ್ಪಾಗಿದ್ದು ರೇಡಾರ್‌ನಲ್ಲೂ ಕಡುಗಪ್ಪಾಗಿದ್ದರೆ ನೆರಳಿನ ಸಂಶಯ ಅಲ್ಲಿಗೆ ಮುಗಿಯಿತು. ಅಲ್ಲದೆ, ಟೈಟನ್‌ನ ಮಬ್ಬು ಬಿಸಿಲನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ನೆಲದ ಮೇಲೆ ಗಾಢವಾದ ನೆರಳು ಬೀಳುವುದೇ ಕಷ್ಟ.

ಸರೋವರಗಳು ಸಿಕ್ಕ ಬಗೆಯನ್ನು ಮಕ್ಕಳಿಗೆ ಹೇಳಿ, ಅದರಲ್ಲಿಯೇ ಪಾಠವಿದೆ. 2005ರ ಜೂನ್‌ನಲ್ಲಿ ಕ್ಯಾಮೆರಾ ದಕ್ಷಿಣ ಧ್ರುವದ ಬಳಿ ಹೆಜ್ಜೆಗುರುತಿನ ಆಕಾರದ ಕಪ್ಪು ಮಚ್ಚೆಯೊಂದನ್ನು ಹಿಡಿಯಿತು. ಹತ್ತಿರದಲ್ಲೇ ಬಿಳಿಯ ಮೋಡಗಳೂ ಇದ್ದವು. ಅಂಚು ನಯವಾಗಿದ್ದುದರಿಂದ, ಸುತ್ತ ಮೋಡವಿದ್ದುದರಿಂದ ಸರೋವರ ಇರಬಹುದು ಎಂದರು. ಹೌದು ಎಂದು ಹೇಳಲಿಲ್ಲ. 2006ರ ಜುಲೈ 22ರಂದು ರೇಡಾರ್ ಉತ್ತರ ಧ್ರುವದ ಮೇಲೆ ಹಾದುಹೋದಾಗ ಅಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಕಪ್ಪು ಸರೋವರಗಳು ಒಮ್ಮೆಗೇ ಕಂಡವು. ಆಗ ಉತ್ತರಕ್ಕೆ ಚಳಿಗಾಲದ ಕತ್ತಲು. ಕ್ಯಾಮೆರಾದಿಂದ ಆ ಕೆಲಸ ಆಗುತ್ತಿರಲಿಲ್ಲ. ದಕ್ಷಿಣದ ಆ ಹೆಜ್ಜೆಗುರುತಿಗೆ ಒಂಟಾರಿಯೊ ಲೇಕಸ್ ಎಂದು ಹೆಸರಾಯಿತು. ಅದರಲ್ಲಿ ದ್ರವ ಈಥೇನ್ ಇದೆ ಎಂದು ನೌಕೆಯ ವರ್ಣಪಟಲ ಮಾಪಕ, ವಿಮ್ಸ್ ಎಂಬ ಉಪಕರಣ, ತೋರಿಸಿಕೊಟ್ಟದ್ದು 2008ರಲ್ಲಿ. ಒಂದು ಮಚ್ಚೆ ಸರೋವರವಾಗಲು ಮೂರು ವರ್ಷ ಬೇಕಾಯಿತು. ಆ ತಾಳ್ಮೆ ನನಗೆ ಬಹಳ ಇಷ್ಟ.

ನಾಲ್ಕನೆಯ ಚಿತ್ರ ವಿಮ್ಸ್‌ನದು. ಅದು ಬೆಳಕನ್ನು 352 ತರಂಗಾಂತರಗಳಾಗಿ ಒಡೆದು ನೋಡುತ್ತದೆ. ನಿಮ್ಮ ಮಕ್ಕಳು ತಂದದ್ದರಲ್ಲಿ ಹೊಳೆಯುತ್ತಿರುವುದು ಕ್ರಾಕೆನ್ ಮಾರೆ ಎಂಬ ಕಡಲು, ಟೈಟನ್‌ನಲ್ಲೇ ಅತಿ ದೊಡ್ಡದು. ಸುಮಾರು 4 ಲಕ್ಷ ಚದರ ಕಿಲೋಮೀಟರ್, ನಮ್ಮ ಕರ್ನಾಟಕದ ಎರಡು ಪಟ್ಟು. ದ್ರವದ ಮೇಲ್ಮೈಯಿಂದ ಬಿಸಿಲು ಪ್ರತಿಫಲಿಸಿ ಬಂದದ್ದನ್ನು ಮೊಟ್ಟಮೊದಲು ಹಿಡಿದದ್ದು 2009ರ ಜುಲೈ 8ರಂದು, ಜಿಂಗ್‌ಪೋ ಲೇಕಸ್ ಎಂಬ ಸರೋವರದಿಂದ, 5 ಮೈಕ್ರಾನ್ ಕಿಟಕಿಯಲ್ಲಿ. ಈ ಹೊಳಪಿನ ವಿಚಾರದಲ್ಲಿ ಎಚ್ಚರ ಬೇಕು, ಏಕೆಂದರೆ ಅದೂ ಬಿಳಿಯ ಚುಕ್ಕೆಯೇ. ಸೂರ್ಯ, ನೆಲ, ನೌಕೆ ಈ ಮೂರರ ಕೋನ ಸರಿಹೊಂದುವ ಒಂದೇ ಬಿಂದುವಿನಲ್ಲಿ ಅದು ಕಾಣುತ್ತದೆ. ನೌಕೆ ಮುಂದೆ ಸರಿದಂತೆ ಹೊಳಪೂ ಸರಿಯುತ್ತದೆ. ಅದನ್ನು ಮೋಡ ಎಂದು ಬರೆದುಕೊಂಡರೆ ಇಲ್ಲದ ಗಾಳಿಗೆ ವೇಗ ಲೆಕ್ಕ ಹಾಕಿದಂತಾಗುತ್ತದೆ. 5 ಮೈಕ್ರಾನ್‌ನಲ್ಲೇ ಇನ್ನೊಂದು ಬಿಳುಪೂ ಇದೆ: ಬತ್ತಿದ ಸರೋವರಗಳ ತಳ, ಕೆಲವು ಸರೋವರಗಳ ದಂಡೆ. ದ್ರವ ಆವಿಯಾದ ಮೇಲೆ ಅದರಲ್ಲಿ ಕರಗಿದ್ದ ವಸ್ತು ಅಲ್ಲಿ ಪದರವಾಗಿ ಉಳಿದಿದೆ ಎಂದು ತಿಳಿಯಲಾಗಿದೆ. ಅದು ಎಂದಿಗೂ ಕದಲುವುದಿಲ್ಲ.

ಕೊನೆಗೆ ಮೋಡ. ಟೈಟನ್‌ನಲ್ಲಿ ಮೋಡವನ್ನು ಮೋಡ ಎಂದು ಸಾಬೀತು ಮಾಡುವುದು ಒಂದೇ, ಬದಲಾವಣೆ. ನಿನ್ನೆ ಇರಲಿಲ್ಲ, ಇಂದು ಇದೆ, ನಾಳೆ ಬೇರೆಡೆ ಇದೆ ಅಥವಾ ಇಲ್ಲ. ಒಂದೇ ಚಿತ್ರ ಹಿಡಿದುಕೊಂಡು ಯಾರಾದರೂ ಇದು ಮೋಡ ಎಂದರೆ, ಅದೇ ಜಾಗದ ಇನ್ನೊಂದು ದಿನದ ಚಿತ್ರ ಎಲ್ಲಿ ಎಂದು ಕೇಳುವುದನ್ನು ಮಕ್ಕಳು ಕಲಿಯಲಿ.

ಇದಕ್ಕೆ ಒಳ್ಳೆಯ ಉದಾಹರಣೆ 2014ರ ಜುಲೈ 20ರಿಂದ 22ರವರೆಗಿನ ಚಿತ್ರಸರಣಿ. ಕ್ಯಾಸಿನಿ ಟೈಟನ್‌ನ ಹತ್ತಿರ ಹೋಗಿ ದೂರ ಸರಿಯುತ್ತಿದ್ದಾಗ ಲಿಜಿಯಾ ಮಾರೆ ಎಂಬ ಕಡಲಿನ ಮೇಲೆ ಮೋಡಗಳು ಹುಟ್ಟಿ, ಸಾಗಿ, ಕರಗಿದವು. ಲಿಜಿಯಾ ಸುಮಾರು 1,26,000 ಚದರ ಕಿಲೋಮೀಟರ್‌ನದು. ಮೋಡಗಳ ವೇಗ ಸೆಕೆಂಡಿಗೆ 3ರಿಂದ 4.5 ಮೀಟರ್, ಅಂದರೆ ಗಂಟೆಗೆ 11ರಿಂದ 16 ಕಿಲೋಮೀಟರ್. ಇಲ್ಲಿ ಒಂದು ಸೂಕ್ಷ್ಮವಿದೆ. ಟೈಟನ್ ತನ್ನ ಸುತ್ತ ಒಮ್ಮೆ ತಿರುಗಲು ಹದಿನಾರು ದಿನ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ ಸಮಭಾಜಕದ ನೆಲ ಗಂಟೆಗೆ ಸುಮಾರು 42 ಕಿಲೋಮೀಟರ್ ಸರಿಯುತ್ತದೆ, 75 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸುಮಾರು 11. ಅಂದರೆ ಅಲ್ಲಿ ಮೋಡ ಓಡುವಷ್ಟೇ ವೇಗದಲ್ಲಿ ಕಡಲೂ ಚಿತ್ರದೊಳಗೆ ಓಡುತ್ತಿರುತ್ತದೆ. ಚಿತ್ರಗಳನ್ನು ಬರಿದೇ ಒಂದರ ಹಿಂದೆ ಒಂದು ಓಡಿಸಿದರೆ ಯಾವುದು ಚಲಿಸಿತೆಂದು ತಿಳಿಯುವುದಿಲ್ಲ. ಮೊದಲು ನೆಲವನ್ನು ನಕ್ಷೆಯ ಮೇಲೆ ಕೂರಿಸಿ ನಿಲ್ಲಿಸಬೇಕು. ದಂಡೆ ಅಲುಗದೆ ನಿಂತ ಮೇಲೂ ಸರಿಯುವುದು ಯಾವುದೋ ಅದು ಮೋಡ.


ಪಿಕ್ಸೆಲ್ ಪ್ರಿಯ

ಹಿರಿಯರ ಉತ್ತರಕ್ಕೆ ಕೈಕೆಲಸದ ಕೆಲವು ವಿಷಯ ಸೇರಿಸುತ್ತೇನೆ. ನಾನು ಬಿಡುವಿನಲ್ಲಿ ಕ್ಯಾಸಿನಿಯ ಮೂಲ ಕಡತಗಳನ್ನು ಇಳಿಸಿಕೊಂಡು ಸಂಸ್ಕರಿಸುತ್ತೇನೆ. ಮೇಡಂ, ನಿಮ್ಮ ಮಕ್ಕಳೂ ಮಾಡಬಹುದು. ನೌಕೆ ತೆಗೆದ 4.5 ಲಕ್ಷಕ್ಕೂ ಹೆಚ್ಚು ಚಿತ್ರಗಳು ನಾಸಾದ ಪ್ಲಾನೆಟರಿ ಡೇಟಾ ಸಿಸ್ಟಂನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತವೆ.

ಕಡತದ ಹೆಸರು ಎನ್ ಅಕ್ಷರದಿಂದ ಆರಂಭವಾದರೆ ಕಿರುಕೋನದ ಕ್ಯಾಮೆರಾ, ಡಬ್ಲ್ಯು ಆದರೆ ಅಗಲಕೋನದ್ದು. ಹಿಂದೆ ಬರುವ ಹತ್ತು ಅಂಕಿಗಳು ನೌಕೆಯ ಗಡಿಯಾರದ ಸೆಕೆಂಡುಗಳು. ಎರಡು ಕಡತಗಳ ಅಂಕಿಗಳನ್ನು ಕಳೆದರೆ ನಡುವಿನ ಸಮಯ ತಾನಾಗಿ ಸಿಗುತ್ತದೆ. ಜೊತೆಗಿರುವ ವಿವರ ಕಡತದಲ್ಲಿ ಸೋಸುಕದ (ಫಿಲ್ಟರ್) ಹೆಸರಿರುತ್ತದೆ. ಸಿಬಿ3 ಎಂದಿದ್ದರೆ ಅದೇ 938 ನ್ಯಾನೊಮೀಟರ್. ಎಂಟಿ1 ಎಂದರೆ 619, ಎಂಟಿ3 ಎಂದರೆ 889. ಇವು ಮೀಥೇನ್ ಹೀರುವ ಜಾಗಗಳು, ಇಲ್ಲಿ ಮುಖ್ಯವಾಗಿ ಮೇಲಿನ ಮಬ್ಬು ಕಾಣುತ್ತದೆ.

ಅಳತೆ ಸುಲಭ. ಕಿರುಕೋನ ಕ್ಯಾಮೆರಾದ ಒಂದು ಪಿಕ್ಸೆಲ್ ಸುಮಾರು 6 ಮೈಕ್ರೊರೇಡಿಯನ್ ಕೋನದಷ್ಟು. ನೌಕೆ 10 ಲಕ್ಷ ಕಿಲೋಮೀಟರ್ ದೂರದಲ್ಲಿದ್ದರೆ ಒಂದು ಪಿಕ್ಸೆಲ್ ಎಂದರೆ 6 ಕಿಲೋಮೀಟರ್. ಮೇಲೆ ಹೇಳಿದ ವೇಗದ ಮೋಡ ಅಲ್ಲಿಂದ ನೋಡಿದರೆ ಒಂದು ಗಂಟೆಯಲ್ಲಿ ಎರಡು, ಹೆಚ್ಚೆಂದರೆ ಮೂರು ಪಿಕ್ಸೆಲ್ ಸರಿಯುತ್ತದೆ. ಹತ್ತು ನಿಮಿಷದ ಅಂತರದ ಎರಡು ಚಿತ್ರ ಹಿಡಿದು ಮೋಡ ನಿಂತಿದೆ ಎನ್ನುವುದಕ್ಕೆ ಅರ್ಥವಿಲ್ಲ.

ಮೂಲ ಚಿತ್ರ ತೆರೆದಾಗ ನಿರಾಸೆಯಾಗಬೇಡಿ. ಬೂದು ಬಣ್ಣದ ಮಸುಕು ತಟ್ಟೆ, ಅದರಲ್ಲಿ ಇನ್ನೂ ಮಸುಕಾದ ಕಲೆಗಳು, ಅಷ್ಟೇ. ಕ್ಯಾಮೆರಾಕ್ಕೆ ಬಂದ ಬೆಳಕಿನಲ್ಲಿ ಬಹುಪಾಲು ಮಬ್ಬಿನದೇ. ಕೆಲವೇ ನಿಮಿಷಗಳ ಅಂತರದಲ್ಲಿ ತೆಗೆದ ಸಿಬಿ3 ಚಿತ್ರಗಳನ್ನು ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯಿರಿ, ಚಿತ್ರದ ಗೊಜ್ಜಲು (ನಾಯ್ಸ್) ತಗ್ಗುತ್ತದೆ. ಆ ಸರಾಸರಿಯನ್ನು ಅದೇ ವೇಳೆಯ ಎಂಟಿ1 ಚಿತ್ರದಿಂದ ಭಾಗಿಸಿದರೆ ಮಬ್ಬಿನ ಪಾಲು ಒಂದಷ್ಟು ಇಳಿಯುತ್ತದೆ, ದಂಡೆಗಳು ಮೇಲೆ ಬರುತ್ತವೆ.

ಮೂರು ಮೋಸಗಳಿವೆ. ಕಾಸ್ಮಿಕ್ ಕಿರಣ ಸಂವೇದಕಕ್ಕೆ ಬಡಿದರೆ ಚೂಪಾದ ಬಿಳಿ ಚುಕ್ಕೆ ಬೀಳುತ್ತದೆ. ಮುಂದಿನ ಚಿತ್ರದಲ್ಲಿ ಅದು ಇರದು. ಇನ್ನೊಂದು, ಕ್ಯಾಮೆರಾದೊಳಗಿನ ಧೂಳಿನಿಂದಾಗುವ ಉಂಗುರಗಳು. ಟೈಟನ್ ಚೌಕಟ್ಟಿನಲ್ಲಿ ಎಲ್ಲಿದ್ದರೂ ಅವು ಮಾತ್ರ ಅದೇ ಪಿಕ್ಸೆಲ್‌ನಲ್ಲಿ ಕೂತಿರುತ್ತವೆ. ಎಲ್ಲಕ್ಕಿಂತ ಅಪಾಯದ್ದು ನಾವೇ ಮಾಡುವುದು. ಚೂಪುಗೊಳಿಸುವ ಸೋಸುಕವನ್ನು ಜೋರಾಗಿ ಬಳಸಿದರೆ ಕಪ್ಪು ಸರೋವರದ ಸುತ್ತ ಬಿಳಿಯ ಅಂಚು ಹುಟ್ಟಿಕೊಳ್ಳುತ್ತದೆ. ನೋಡಿದವರು ಅದನ್ನು ದಂಡೆ ಎಂದೋ ತೀರದ ಮೋಡ ಎಂದೋ ಓದುತ್ತಾರೆ. ಅಂತರ್ಜಾಲದಲ್ಲಿ ಓಡಾಡುವ ಎಷ್ಟೋ ಸುಂದರ ಚಿತ್ರಗಳಲ್ಲಿ ಈ ಅಂಚು ಇದೆ. ಜೆಪೆಗ್ ರೂಪದಲ್ಲಿ ಬಂದದ್ದನ್ನು ಚೂಪುಗೊಳಿಸಲೇಬೇಡಿ. ಅಳತೆಗೆ ಒಗ್ಗಿಸಿದ ಮೂಲ ಕಡತವನ್ನೇ ಬಳಸಿ.


ಆಗುಂಬೆಯ ಪಕ್ಕದವನು

ಮಳೆಯಲ್ಲೇ ಬೆಳೆದವನು ನಾನು, ಅದಕ್ಕೇ ಕೇಳುತ್ತಿದ್ದೇನೆ. ಸರೋವರ ಇದೆ, ಮೋಡ ಇದೆ ಎಂದಿರಿ. ಮಳೆ ಸುರಿದದ್ದಕ್ಕೆ ಚಿತ್ರದಲ್ಲಿ ಪುರಾವೆ ಇದೆಯೇ? ಅಷ್ಟು ದೊಡ್ಡ ಕಡಲುಗಳಿದ್ದರೆ ಮೇಲೆ ಸದಾ ಮೋಡ ಕವಿದಿರಬೇಕಲ್ಲ, ರಾಯರೇ?


ಹಳೆಯ ವೀಕ್ಷಕ

ನೀವು ಕೇಳಿದ ಎರಡನೆಯ ಪ್ರಶ್ನೆ ಹಲವರನ್ನು ಕಾಡಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಳೆಗೆ ಪುರಾವೆ ಇದೆ, ಮತ್ತು ಅದು ಮೇಡಂ ಕೇಳಿದ್ದಕ್ಕೂ ಸಲ್ಲುತ್ತದೆ. ಟೈಟನ್‌ನ ಗುರುತ್ವ ನಮ್ಮದರ ಏಳನೆಯ ಒಂದು ಪಾಲು, ಗಾಳಿಯ ಒತ್ತಡ ನಮ್ಮದರ ಒಂದೂವರೆ ಪಟ್ಟು. ಮೀಥೇನ್ ಹನಿ ಅಲ್ಲಿ ಒಂದು ಸೆಂಟಿಮೀಟರ್ ಹತ್ತಿರದ ಗಾತ್ರಕ್ಕೆ ಬೆಳೆದು, ಸೆಕೆಂಡಿಗೆ ಒಂದೂವರೆ ಮೀಟರ್ ಆಸುಪಾಸಿನ ವೇಗದಲ್ಲಿ ನಿಧಾನವಾಗಿ ಇಳಿಯುತ್ತದೆ ಎಂಬುದು ಲೆಕ್ಕ. ಬೀಳುವ ಹನಿಯನ್ನು ಯಾವ ಕ್ಯಾಮೆರಾವೂ ಹಿಡಿದಿಲ್ಲ. ನೆನೆದ ನೆಲವನ್ನು ಹಿಡಿದಿದೆ.

2010ರ ಸೆಪ್ಟೆಂಬರ್ 27ರಂದು ಸಮಭಾಜಕದ ಬಳಿ ಬಾಣದ ಆಕಾರದ ದೊಡ್ಡ ಮೋಡ ಕಂಡಿತು. 2009ರ ಆಗಸ್ಟ್‌ನಲ್ಲಿ ಶನಿಯ ವಿಷುವತ್ (ಸೂರ್ಯ ಸಮಭಾಜಕದ ನೇರಕ್ಕೆ ಬರುವ ಹೊತ್ತು) ಕಳೆದಿತ್ತು, ಸೂರ್ಯ ಉತ್ತರಕ್ಕೆ ದಾಟಿದ್ದ. ಮುಂದಿನ ತಿಂಗಳ ಚಿತ್ರಗಳಲ್ಲಿ ಮೋಡವಿರಲಿಲ್ಲ. ಮೊದಲು ಬೆಳ್ಳಗಿದ್ದ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಕಪ್ಪಾಗಿತ್ತು. ಅದು ಕ್ರಮೇಣ ಮಾಸುತ್ತ ಬಂದು 2011ರ ಜನವರಿಯ ಹೊತ್ತಿಗೆ ಬಹುಪಾಲು ತನ್ನ ಮೊದಲಿನ ಹೊಳಪಿಗೆ ಮರಳಿತು. ಮೋಡ ಬಂತು, ಹೋಯಿತು, ಕೆಳಗಿನ ನೆಲ ಕಪ್ಪಾಯಿತು, ಒಣಗಿತು. ಈ ಕ್ರಮ ನೋಡಿದ ಮೇಲೆ ಮಳೆ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ನೆಲ ಕಪ್ಪಾಗಲು ಬೇರೆ ದಾರಿಗಳನ್ನೂ ಸಂಶೋಧಕರು ಒರೆಗೆ ಹಚ್ಚಿದರು, ಗಾಳಿ ಮೇಲ್ಪದರ ಕೆದಕಿತೇ ಎಂಬುದನ್ನೂ ಸೇರಿಸಿ. ಇಷ್ಟು ಬೇಗ, ಇಷ್ಟು ವಿಸ್ತಾರಕ್ಕೆ, ಮೋಡದ ಹಿಂದೆಯೇ ಆದ ಬದಲಾವಣೆಗೆ ಮಳೆಯೇ ಹೆಚ್ಚು ಹೊಂದುತ್ತದೆ.

ಅದಕ್ಕೂ ಮೊದಲು ದಕ್ಷಿಣದಲ್ಲಿ ಇಂಥದ್ದೇ ನಡೆದಿತ್ತು. 2004ರ ಅಕ್ಟೋಬರ್‌ನಲ್ಲಿ ದಕ್ಷಿಣ ಧ್ರುವದ ಮೇಲೆ ದೊಡ್ಡ ಮೋಡ ಎದ್ದದ್ದನ್ನು ಭೂಮಿಯ ದೂರದರ್ಶಕಗಳು ಕಂಡವು. ಅರಾಕಿಸ್ ಪ್ಲಾನಿಷಿಯಾ ಎಂಬ ಬಯಲಿನ 2004ರ ಜುಲೈ ಚಿತ್ರವನ್ನೂ 2005ರ ಜೂನ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಎರಡನೆಯದರಲ್ಲಿ ಹೊಸ ಕಪ್ಪು ಮಡುಗಳಿವೆ. ಮೇಡಂ, ನಿಮ್ಮ ಮಕ್ಕಳಿಗೆ ಒಂದೇ ಜೋಡಿ ಚಿತ್ರ ತೋರಿಸುವುದಾದರೆ ಇದನ್ನು ತೋರಿಸಿ. ಸರೋವರ ಮತ್ತು ಮೋಡ ಬೇರೆ ಬೇರೆ ಅಧ್ಯಾಯಗಳಲ್ಲ ಎಂಬುದು ಇದರಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇನ್ನು ಸದಾ ಮೋಡ ಇರಬೇಕಲ್ಲ ಎಂಬ ಮಾತು. ಟೈಟನ್‌ನ ಆಕಾಶದಲ್ಲಿ ಮೋಡ ಅಪರೂಪ. ಎಂಟು ಪಾಲಿನ ಲೆಕ್ಕದಲ್ಲಿ ಹೆಚ್ಚಿನ ದಿನ ನಾನು ಸೊನ್ನೆ ಎಂದೇ ಬರೆಯಬೇಕಾದೀತು. ಸೂರ್ಯನಿಂದ ಅಲ್ಲಿಗೆ ಬರುವ ಬೆಳಕು ಭೂಮಿಗೆ ಬರುವುದರ ನೂರನೆಯ ಒಂದು ಪಾಲಿನಷ್ಟು. ಅದರಲ್ಲೂ ಬಹುಭಾಗವನ್ನು ಮಬ್ಬು ನುಂಗುತ್ತದೆ. ನೆಲ ಕಾದು, ಆವಿ ಮೇಲೆದ್ದು, ರಾಶಿ ಮೋಡ ಕಟ್ಟುವಷ್ಟು ಶಕ್ತಿ ಸುಲಭವಾಗಿ ಸಿಗುವುದಿಲ್ಲ. ಗಾಳಿಯಲ್ಲಿ ಮೀಥೇನ್ ಕೂಡಿಕೊಳ್ಳುತ್ತ ಕೂಡಿಕೊಳ್ಳುತ್ತ ಹೋಗಿ, ಎಂದೋ ಒಮ್ಮೆ ಜೋರಾಗಿ ಸುರಿಯುತ್ತದೆ. ಒಂದು ಋತು ಅಲ್ಲಿ ಏಳು ವರ್ಷಕ್ಕೂ ಹೆಚ್ಚು. ಆಗುಂಬೆಯ ಜುಲೈಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಅದು ಹಿಡಿತಕ್ಕೆ ಸಿಗದು.

ಇಷ್ಟಾದರೂ ಒಂದು ಕೊರೆಯುವ ಸಂಗತಿ ಉಳಿದಿದೆ. ಕ್ಯಾಸಿನಿ ಹೋದಾಗ ದಕ್ಷಿಣದಲ್ಲಿ ಬೇಸಿಗೆಯ ಕೊನೆ, ಅಲ್ಲಿ ಮೋಡಗಳಿದ್ದವು. ಹಾಗಾದರೆ ಉತ್ತರಕ್ಕೆ ಬೇಸಿಗೆ ಬಂದಂತೆ, ಕಡಲುಗಳೆಲ್ಲ ಅಲ್ಲೇ ಇರುವುದರಿಂದ, ಮೋಡ ಹೆಚ್ಚಬೇಕು ಎಂದು ಗಣಕ ಮಾದರಿಗಳು ಹೇಳಿದವು. ಅವು ಹೇಳಿದ ಹೊತ್ತಿಗೆ ಬರಲಿಲ್ಲ. ವರ್ಷಗಟ್ಟಲೆ ಉತ್ತರದ ಆಕಾಶ ಬಹುಮಟ್ಟಿಗೆ ಖಾಲಿ. ಅದಕ್ಕೇ 2014ರ ಲಿಜಿಯಾ ಮೋಡಗಳಿಗೆ ಅಷ್ಟು ಬೆಲೆ. 2016ರಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಜೂನ್ 7 ಮತ್ತು ಜುಲೈ 25ರ ಭೇಟಿಗಳಲ್ಲಿ ಕ್ಯಾಮೆರಾ ಮತ್ತು ವಿಮ್ಸ್ ಎರಡೂ ಉತ್ತರವನ್ನು ನೋಡಿದವು. ವಿಮ್ಸ್‌ನ ಉದ್ದ ತರಂಗಾಂತರದ ಚಿತ್ರಗಳಲ್ಲಿ ವ್ಯಾಪಕವಾದ ಬಿಳುಪು, ಮೋಡವೇ ಹೌದೆನ್ನುವಂತೆ. ಕ್ಯಾಮೆರಾದ 938 ನ್ಯಾನೊಮೀಟರ್ ಚಿತ್ರದಲ್ಲಿ ಬೆರಳೆಣಿಕೆಯ ಸಣ್ಣ ಮೋಡಗಳು ಮಾತ್ರ, ಕೆಳಗಿನ ಸರೋವರಗಳು ನಿಚ್ಚಳ. ಬಹಳ ಎತ್ತರದ ತೆಳುವಾದ ಹಿಮಕಣ ಮೋಡ ಇದ್ದು, ಅದು ಒಂದು ತರಂಗಾಂತರಕ್ಕೆ ಪಾರದರ್ಶಕವಾಗಿ ಇನ್ನೊಂದಕ್ಕೆ ಅಲ್ಲದೆ ಹೋಗಿರಬಹುದು ಎಂಬುದು ಒಂದು ವಿವರಣೆ. ವೀಕ್ಷಣಾಲಯದಲ್ಲಿ ಬೆಳ್ಳಂಬೆಳಗಿನ ಹಿಮಕಣ ಮೋಡವನ್ನು ಕಣ್ಣು ಕಿರಿದು ಮಾಡಿ ಹುಡುಕಿದ ನನಗೆ ಈ ವಿವರಣೆ ಮನಸ್ಸಿಗೆ ಒಪ್ಪುತ್ತದೆ. ಅದೇ ವರ್ಷದ ಅಕ್ಟೋಬರ್ ಕೊನೆಯಲ್ಲಿ ಉತ್ತರದ ನಡು ಅಕ್ಷಾಂಶಗಳಲ್ಲಿ ಮೋಡದ ಪಟ್ಟೆಗಳು ಸಾಗುವುದು ಗಂಟೆಗಟ್ಟಲೆಯ ಚಿತ್ರಸರಣಿಯಲ್ಲಿ ಚೆನ್ನಾಗಿ ದಾಖಲಾಯಿತು.

2017ರ ಸೆಪ್ಟೆಂಬರ್ 15ರಂದು ಕ್ಯಾಸಿನಿ ಶನಿಯೊಳಗೆ ಇಳಿದು ಮುಗಿಯಿತು. ನೋಟ ನಿಲ್ಲಲಿಲ್ಲ. 2022ರ ನವೆಂಬರ್ 4ರಂದು ವೆಬ್ ಬಾಹ್ಯಾಕಾಶ ದೂರದರ್ಶಕ ಉತ್ತರಾರ್ಧದಲ್ಲಿ ಎರಡು ಮೋಡ ಕಂಡಿತು, ಒಂದು ಕ್ರಾಕೆನ್ ಮಾರೆಯ ಬಳಿ. ಎರಡು ದಿನಗಳ ಬಳಿಕ ಹವಾಯಿಯ ಕೆಕ್ ದೂರದರ್ಶಕ ಅದೇ ಭಾಗದಲ್ಲಿ ಮತ್ತೆ ಮೋಡ ನೋಡಿತು. ಎರಡನೆಯ ದಿನದ ಚಿತ್ರಕ್ಕಾಗಿ ಖಗೋಳಜ್ಞರು ಭೂಮಿಯ ಮೇಲಿನ ಇನ್ನೊಂದು ದೂರದರ್ಶಕವನ್ನೇ ಅವಸರವಾಗಿ ಕೇಳಿ ಪಡೆದರು ಎಂಬುದನ್ನು ಗಮನಿಸಿ. ನಾಸಾದ ಡ್ರಾಗನ್‌ಫ್ಲೈ ನೌಕೆ 2028ರಲ್ಲಿ ಹೊರಟು 2034ರಲ್ಲಿ ಅಲ್ಲಿಗೆ ಇಳಿಯುವ ಯೋಜನೆಯಿದೆ. ಆದರೆ ಅದು ಹೋಗುವುದು ಸಮಭಾಜಕದ ಮರಳದಿಬ್ಬಗಳಿಗೆ, ಸೆಲ್ಕ್ ಎಂಬ ಕುಳಿಯ ಕಡೆಗೆ. ಉತ್ತರದ ಕಡಲುಗಳನ್ನು ಹತ್ತಿರದಿಂದ ನೋಡುವ ಅವಕಾಶ ಸದ್ಯಕ್ಕಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ಹಾಗಾಗಿ ಈಗಿರುವ ಹಳೆಯ ಚಿತ್ರಗಳನ್ನೇ ಮತ್ತೆ ಮತ್ತೆ, ಇನ್ನೂ ಚೆನ್ನಾಗಿ ಓದಬೇಕಾಗಿದೆ.


ಹಾಸನದ ಉಪನ್ಯಾಸಕಿ

ಎಲ್ಲರಿಗೂ ಹೃತ್ಪೂರ್ವಕ ವಂದನೆ. ಭಿತ್ತಿಪತ್ರದ ವಿನ್ಯಾಸವನ್ನು ಬದಲಾಯಿಸಿದೆವು. ನಾಲ್ಕು ಚಿತ್ರಗಳ ಕೆಳಗೂ ಉಪಕರಣ, ತರಂಗಾಂತರ, ದಿನಾಂಕ ಬರೆಯುತ್ತಿದ್ದೇವೆ. ಅರಾಕಿಸ್ ಜೋಡಿಗೆ ನಡುವಿನ ಜಾಗ ಕೊಟ್ಟಿದ್ದೇವೆ. ನೆರಳಿನ ಪ್ರಶ್ನೆ ಕೇಳಿದ ಹುಡುಗ ರೇಡಾರ್ ವಿವರಣೆಯನ್ನು ಓದಿ ಇನ್ನೊಂದು ಪ್ರಶ್ನೆ ಹಿಡಿದು ಬಂದಿದ್ದಾನೆ: "ರೇಡಾರ್‌ಗೆ ಮೋಡ ಕಾಣುವುದಿಲ್ಲ ಎಂದಮೇಲೆ ರೇಡಾರ್‌ನಲ್ಲಿ ಕಂಡದ್ದೆಲ್ಲ ಶಾಶ್ವತವೇ? ಅದರಲ್ಲಿ ಏನೂ ಬದಲಾಗುವುದಿಲ್ಲವೇ?" ಇದಕ್ಕೆ ಏನು ಹೇಳಲಿ, ಸರ್?


ಹಳೆಯ ವೀಕ್ಷಕ

ಬದಲಾಗುತ್ತದೆ ಎಂದು ಹೇಳಿ. 2013ರ ಜುಲೈ 10ರ ರೇಡಾರ್ ಚಿತ್ರದಲ್ಲಿ ಲಿಜಿಯಾ ಮಾರೆಯ ದಂಡೆಯ ಬಳಿ, ಹಿಂದಿನ ವರ್ಷಗಳಲ್ಲಿ ಬರೀ ಕಪ್ಪು ಕಡಲಿದ್ದ ಜಾಗದಲ್ಲಿ, ಬಿಳಿಯ ದ್ವೀಪದಂಥದು ಕಂಡಿತು. ಅದೇ ತಿಂಗಳ 26ರಂದು ಇರಲಿಲ್ಲ. 2014ರ ಆಗಸ್ಟ್ 21ರಂದು ಮತ್ತೆ ಬಂತು, ಆಕಾರ ಬದಲಿಸಿಕೊಂಡು. 2015ರ ಜನವರಿಯಲ್ಲಿ ಮತ್ತೆ ಮಾಯ. ರೇಡಾರ್‌ಗೆ ಮೋಡ ಕಾಣದ ಕಾರಣ ಇದು ಮೋಡವಲ್ಲ. ನೆಲವಾಗಿದ್ದರೆ ಹೀಗೆ ಬಂದು ಹೋಗುತ್ತಿರಲಿಲ್ಲ. ಗಾಳಿಗೆ ಎದ್ದ ಅಲೆಗಳೋ, ತಳದಿಂದ ಎದ್ದ ಗುಳ್ಳೆಗಳೋ, ತೇಲುವ ಘನವಸ್ತುವೋ, ಮೂರೂ ಇನ್ನೂ ಚರ್ಚೆಯಲ್ಲಿವೆ. ಅದೇ ಕಡಲಿನ ಮೇಲ್ಮೈ ಉಳಿದಂತೆ ಮಿಲಿಮೀಟರಿನಷ್ಟೂ ಏರಿಳಿತವಿಲ್ಲದೆ ನುಣುಪಾಗಿದ್ದುದನ್ನು ರೇಡಾರ್ ಅಳೆದಿತ್ತು. 2013ರ ಮೇ ತಿಂಗಳಲ್ಲಿ ಅದರ ತಳದ ಪ್ರತಿಧ್ವನಿಯೂ ಸಿಕ್ಕಿ, ಆಳ ಸುಮಾರು 160 ಮೀಟರ್ ಎಂದು ತಿಳಿಯಿತು.

ಆ ಹುಡುಗನಿಗೆ ನಾಲ್ಕು ದಿನಾಂಕಗಳ ಚಿತ್ರಗಳನ್ನೂ ಶೀರ್ಷಿಕೆ ಇಲ್ಲದೆ ಕೊಡಿ. ಮೂರು ಊಹೆಗಳಲ್ಲಿ ಯಾವುದಕ್ಕೆ ಏನು ಕಾಣಬೇಕಿತ್ತು, ಏನು ಕಾಣುತ್ತಿದೆ ಎಂದು ಒಂದು ಹಾಳೆಯಲ್ಲಿ ಅವನೇ ಬರೆಯಲಿ. ಬರೆದದ್ದನ್ನು ಇಲ್ಲಿ ಹಾಕಿದರೆ ನಾನೂ ಓದುತ್ತೇನೆ.